ಗೂಬಣ್ಣನ ಬೆಳಗಿನ ರಕ್ತ

ಎಲ್ಲಕ್ಕೂ ಮೂಲ ಒಂದು ಆಕಳಿಕೆ.

ನೀರು ಸರಬರಾಜು ಕಚೇರಿಯಲ್ಲಿ ವರ್ಷಕ್ಕೊಮ್ಮೆ ನೌಕರರ ಆರೋಗ್ಯ ತಪಾಸಣೆ ನಡೆಯುತ್ತದೆ, ಬೆಳಿಗ್ಗೆ ಒಂಬತ್ತಕ್ಕೆ. ಹಗಲು ಪಾಳಿಯವರು ಸ್ನಾನ ಮಾಡಿ, ತಲೆ ಬಾಚಿಕೊಂಡು, ಮದುವೆಗೆ ಹೊರಟವರ ಹಾಗೆ ಬಂದು ನಿಲ್ಲುತ್ತಾರೆ. ಗೂಬಣ್ಣ ಮಾತ್ರ ರಾತ್ರಿಯಿಡೀ ಪಂಪ್‌ಹೌಸಿನಲ್ಲಿ ಕಣ್ಣಿಗೆ ಎಣ್ಣೆ ಬಿಟ್ಟುಕೊಂಡು ಕೂತಿದ್ದು, ಐದಕ್ಕೆ ಪಾಳಿ ಮುಗಿಸಿ, ಮನೆಗೆ ಹೋಗಿ ಮಲಗಿದರೆ ಮತ್ತೆ ಏಳುವ ಮಾತಿಲ್ಲವೆಂದು ಕಚೇರಿಯ ಬೆಂಚಿನ ಮೇಲೇ ನಾಲ್ಕು ಗಂಟೆ ಕಾದು, ಹಸಿವು ತಡೆಯದೆ ಎರಡು ಬನ್ನು ತಿಂದು ಸಾಲಿನಲ್ಲಿ ನಿಂತಿದ್ದ. ಏನಾದರೂ ತೊಂದರೆ ಇದೆಯೇ ಎಂದು ನರ್ಸಮ್ಮ ಕೇಳಿದಳು. ಇಲ್ಲ ಎನ್ನಲು ಅವನು ಬಾಯಿ ತೆರೆದ. ತೆರೆದ ಬಾಯಿಂದ ಹೊರಬಂದದ್ದು ಆಕಳಿಕೆ. ಅದೂ ಸಾಮಾನ್ಯದ್ದಲ್ಲ, ಒಳಗಿನ ಕಿರುನಾಲಿಗೆಯವರೆಗೂ ಕಾಣುವಂಥದ್ದು.

ನರ್ಸಮ್ಮ ಕಾಗದದಲ್ಲಿ 'ಆಯಾಸ, ನಿರುತ್ಸಾಹ' ಎಂದು ಬರೆದಳು. ಆಯಾಸ ಎಂದ ಗಂಡಸರಿಗೆಲ್ಲ ಇನ್ನೊಂದು ಪರೀಕ್ಷೆ ಮಾಡಿಸಬೇಕೆಂಬ ಸುತ್ತೋಲೆ ಆ ವರ್ಷವಷ್ಟೇ ಬಂದಿತ್ತು. ಟೆಸ್ಟೋಸ್ಟೆರಾನ್ ಎಂಬ ಹಾರ್ಮೋನು ರಕ್ತದಲ್ಲಿ ಎಷ್ಟಿದೆ ಎಂದು ನೋಡುವ ಪರೀಕ್ಷೆ. ಮುನ್ನೂರರ ಮೇಲಿರಬೇಕಂತೆ. ಗೂಬಣ್ಣನದು ಇನ್ನೂರ ಹದಿನಾಲ್ಕು ಬಂತು.

ಹತ್ತೊಂಬತ್ತು ವರ್ಷದಿಂದ ರಾತ್ರಿ ಪಾಳಿ ಮಾಡುತ್ತಿರುವುದರಿಂದ ಅವನಿಗೆ ಆ ಹೆಸರು. ಹಿಂದೆ ಬೆನ್ನ ಹಿಂದೆ ಕರೆಯುತ್ತಿದ್ದರು. ಒಂದು ದಿನ ಅವನೇ ಮೆಟ್ಟಿಲ ಮೇಲೆ ನಿಂತು, ಕರೆಯುವುದಾದರೆ ಎದುರಿಗೇ ಕರೆಯಿರಿ, ನಾನು ಎದ್ದಿರುವುದಕ್ಕೇ ನಿಮ್ಮ ನಲ್ಲಿಯಲ್ಲಿ ನೀರು ಬರುವುದು ಎಂದು ಹೇಳಿದ ಮೇಲೆ ಎಲ್ಲರೂ ರಾಜಾರೋಷವಾಗಿ ಗೂಬಣ್ಣ ಎನ್ನತೊಡಗಿದರು. ಅವನ ಸ್ವಭಾವವೇ ಅಂಥದ್ದು. ಬಗ್ಗಿ ಎಂದರೆ ಸೆಟೆದು ನಿಲ್ಲುವ ಆಸಾಮಿ.

ವರದಿ ಬಂದ ಲಕೋಟೆ ಮೊದಲು ಸೇರಿದ್ದು ಕೆಳಗಿನ ಮನೆಯ ನಿವೃತ್ತ ಗಣಿತದ ಮೇಷ್ಟ್ರ ಕೈಗೆ. ಅವರು ಅದನ್ನು ಕೈತಪ್ಪಿ ಒಡೆದರಂತೆ, ಕಣ್ತಪ್ಪಿ ಓದಿದರಂತೆ, ಬಾಯ್ತಪ್ಪಿ ನಾಲ್ಕು ಮನೆಗೆ ಹೇಳಿದರಂತೆ. ಹೀಗೆ ಮೂರು ಮಹಡಿಯ ಕಟ್ಟಡಕ್ಕೆಲ್ಲ ವಿಷಯ ಗೊತ್ತಾದ ಮೇಲೆ ಕಾಗದ ಗೂಬಣ್ಣನ ಕೈಸೇರಿತು. ಅದರ ಕೊನೆಯಲ್ಲಿ ಕಚೇರಿಯ ವೈದ್ಯರು ಕೆಂಪು ಶಾಯಿಯಲ್ಲಿ ಎರಡು ಸಾಲು ಗೀಚಿದ್ದರು. ಇನ್ನೊಮ್ಮೆ ಪರೀಕ್ಷಿಸಿ. ಆಗಲೂ ಕಡಿಮೆ ಬಂದರೆ ಹಗುರ ಕೆಲಸಕ್ಕೆ ಬದಲಾಯಿಸಿ.

ಹಗುರ ಕೆಲಸವೆಂದರೆ ಆ ಕಚೇರಿಯಲ್ಲಿ ಒಂದೇ, ದೂರು ಕೌಂಟರ್. ಕಬ್ಬಿಣದ ಜಾಲರಿಯ ಒಂದು ಕಿಂಡಿ, ಅದರ ಹಿಂದೆ ಒಂದು ಕುರ್ಚಿ, ಮುಂದೆ ನೀರು ಬಾರದ ಇಡೀ ಊರು. ಹಿಂದಿನ ಒಂದು ವರ್ಷದಲ್ಲಿ ಅಲ್ಲಿ ಮೂವರು ಕೂತಿದ್ದರು. ಮೊದಲನೆಯವರಿಗೆ ರಕ್ತದೊತ್ತಡ ಬಂತು, ಎರಡನೆಯವರು ಸ್ವಯಂ ನಿವೃತ್ತಿ ತೆಗೆದುಕೊಂಡರು, ಮೂರನೆಯವನು ಮೊನ್ನೆ ಊಟಕ್ಕೆಂದು ಹೋದವನು ಇನ್ನೂ ಕೈ ತೊಳೆದುಕೊಂಡು ಬಂದಿಲ್ಲ. ಅವನಿಗೆ ಕಿಂಡಿಯವನು ಎಂದೇ ಹೆಸರು ಬಿದ್ದಿತ್ತು.

ಆ ಕಿಂಡಿಯ ಎದುರಿಗೆ ಪಂಪ್‌ಹೌಸನ್ನು ಇಟ್ಟು ನೋಡಿ. ಮೂರು ಮೋಟರು, ಎರಡು ಗೇಜು, ಹೆಂಡತಿ ಹೊಲಿದುಕೊಟ್ಟ ದಿಂಬಿನ ಒಂದು ಕುರ್ಚಿ. ಮೋಟರಿನ ಸದ್ದು ಒಂದೇ ಶ್ರುತಿಯಲ್ಲಿ ಹರಿಯುತ್ತಿದ್ದರೆ ಯಾವ ಬೀದಿಗೆ ನೀರು ಹೋಗುತ್ತಿದೆ ಎಂದು ಗೂಬಣ್ಣ ಕಣ್ಣು ಮುಚ್ಚಿ ಹೇಳುತ್ತಿದ್ದ. ಎಲ್ಲಕ್ಕಿಂತ ಮುಖ್ಯವಾಗಿ, ಅಲ್ಲಿ ಮಾತಾಡಿಸಲು ಮನುಷ್ಯರೇ ಇರಲಿಲ್ಲ. ಆ ಕುರ್ಚಿಯನ್ನು ಬಿಡುವುದಕ್ಕಿಂತ ಕಿಡ್ನಿಯೊಂದನ್ನು ಬಿಟ್ಟುಕೊಟ್ಟೇನು ಎಂದು ಅವನು ಹೆಂಡತಿಗೆ ಹೇಳಿದ್ದ, ಮತ್ತು ತಮಾಷೆಗೆ ಹೇಳಿರಲಿಲ್ಲ.

ಬೀದಿ ಕೊನೆಯ ಕ್ಲಿನಿಕ್ಕಿನ ಡಾಕ್ಟರಮ್ಮನ ಹತ್ತಿರ ಹೋದಾಗ ಆಕೆ ಎರಡೇ ನಿಮಿಷದಲ್ಲಿ ಗಂಟು ಬಿಡಿಸಿದರು. ಈ ಹಾರ್ಮೋನು ನಿದ್ದೆಯಲ್ಲಿ ಏರುತ್ತದೆ, ಎದ್ದ ಹೊತ್ತಿಗೆ ತುದಿಯಲ್ಲಿರುತ್ತದೆ, ಆಮೇಲೆ ಹೊತ್ತು ಹೋದಂತೆ ಇಳಿಯುತ್ತದೆ. ತಿಂದರೂ ಇಳಿಯುತ್ತದೆ, ನಿದ್ದೆಗೆಟ್ಟರೂ ಇಳಿಯುತ್ತದೆ. ರಾತ್ರಿ ಮಲಗುವವರು ಬೆಳಿಗ್ಗೆ ಏಳರಿಂದ ಹತ್ತರೊಳಗೆ ಖಾಲಿ ಹೊಟ್ಟೆಯಲ್ಲಿ ರಕ್ತ ಕೊಡಬೇಕು. ಹಗಲು ಮಲಗುವ ನೀವು ಎದ್ದ ಮೂರು ಗಂಟೆಯೊಳಗೆ ಕೊಡಬೇಕು. ಒಟ್ಟು ಪ್ರಮಾಣ ನೋಡುವ ಸಾದಾ ಪರೀಕ್ಷೆಯೇ ಸಾಕು, ಅದು ಗಡಿಯ ಹತ್ತಿರ ಬಂದು ಅನುಮಾನವಾದರೆ ಮಾತ್ರ ಮಿಕ್ಕ ಪರೀಕ್ಷೆಗಳು. ಇಷ್ಟು ಹೇಳಿ ಚೀಟಿ ಬರೆದುಕೊಟ್ಟರು.

ಗೂಬಣ್ಣನಿಗೆ ತಲೆಯೊಳಗೆ ದೀಪ ಹತ್ತಿದಂತಾಯಿತು. "ಅಂದ್ರೆ, ಮೋಟರ್ ನಿಲ್ಸಿ ಗೇಜ್ ನೋಡಿ, ಪಂಪ್ ಕೆಟ್ಟಿದೆ ಅಂತ ಬರೆದ ಹಾಗಾಯ್ತು" ಎಂದ.

"ಅದೇ" ಎಂದರು ಡಾಕ್ಟರಮ್ಮ. "ನಾನು ಇಷ್ಟು ಚೆನ್ನಾಗಿ ಹೇಳ್ತಿರ್ಲಿಲ್ಲ."

ಎರಡನೇ ವರದಿ ಕೊಡಲು ಕೊನೆಯ ದಿನ ಬಂತು. ಕಚೇರಿ ಮುಚ್ಚುವ ಐದೂವರೆಯೊಳಗೆ ಕಾಗದ ಮೇಜಿನ ಮೇಲಿರಬೇಕು, ಇಲ್ಲವಾದರೆ ಹಳೆಯದೇ ಗತಿ. ಗೂಬಣ್ಣ ಪಾಳಿ ಮುಗಿಸಿ ಬಂದು ಆರಕ್ಕೆ ಮಲಗಿದ. ಹೆಂಡತಿ ಕಿಟಕಿಗೆ ಹಳೆಯ ಕಂಬಳಿ ಕಟ್ಟಿದಳು, ಕರೆಗಂಟೆಯ ತಂತಿ ಕಿತ್ತಳು, ಕುಕ್ಕರು ಕೂಗದಿರಲೆಂದು ಒಲೆಯನ್ನೇ ಹಚ್ಚಲಿಲ್ಲ. ಅವನು ಏಳು ಗಂಟೆ ಕಾಲ ಕೊರಡಿನಂತೆ ಮಲಗಿದ. ಒಂದು ಗಂಟೆಯ ಹೊತ್ತಿಗೆ ಬಾಗಿಲು ಧಡಧಡ ಬಡಿದ ಸದ್ದಾಯಿತು. ಮೇಷ್ಟ್ರು.

ಮೇಷ್ಟ್ರ ಕೈಯಲ್ಲಿ ಚೌಕುಳಿ ಕಾಗದವಿತ್ತು, ಅದರ ಮೇಲೆ ವೃತ್ತ, ಬಾಣ, ಶೇಕಡಾವಾರು ಲೆಕ್ಕ. ರಾತ್ರಿಯೆಲ್ಲ ಓದಿದ್ದಾರಂತೆ. ಒಟ್ಟು ಪ್ರಮಾಣ ನೋಡುವುದು ಶುದ್ಧ ದಡ್ಡತನ, ಅದರಲ್ಲಿ ಬಹುಪಾಲು ರಕ್ತದ ಪ್ರೋಟೀನಿಗೆ ಅಂಟಿಕೊಂಡು ಕೂತಿರುತ್ತದೆ, ಕೆಲಸ ಮಾಡುವುದು ಅಂಟಿಕೊಳ್ಳದ ನೂರಕ್ಕೆ ಎರಡು ಭಾಗ, ಅದನ್ನು ಮಾತ್ರ ಅಳೆಯುವ ಪರೀಕ್ಷೆ ಮಾಡಿಸು ಎಂದು ಅವರ ವಾದ. ಗೂಬಣ್ಣ ಕಣ್ಣುಜ್ಜುತ್ತಲೇ ಕೇಳಿಸಿಕೊಂಡ.

"ಮೇಷ್ಟ್ರೇ, ನೀರು ಸಾಲ್ತಾ ಇಲ್ಲ ಅಂದ್ರೆ ನಾವು ಮೊದಲು ಟ್ಯಾಂಕ್ ನೋಡ್ತೀವಿ. ಟ್ಯಾಂಕ್ ತುಂಬಿದ್ರೆ ಊರಿನ ನಲ್ಲಿಗಳನ್ನೆಲ್ಲ ಬಿಚ್ಚೋಕೆ ಹೋಗಲ್ಲ. ನನಗೂ ಮೊದಲು ಟ್ಯಾಂಕ್ ನೋಡೋದು."

ಮೆಟ್ಟಿಲ ಮೇಲೆ ಅಷ್ಟು ಹೊತ್ತಿಗೆ ಇನ್ನಿಬ್ಬರು ಸೇರಿದ್ದರು. ನೆಲಮಹಡಿಯಲ್ಲಿ ವ್ಯಾಯಾಮಶಾಲೆ ಇಟ್ಟಿರುವ ಪೈಲ್ವಾನ ಒಂದು ಪ್ಲಾಸ್ಟಿಕ್ ಕೊಳವೆ ಹಿಡಿದುಕೊಂಡು, ಸೂಜಿಗೀಜಿ ಏನೂ ಬೇಡ, ಇದರಲ್ಲಿ ಉಗುಳಿ ಅಂಚೆಗೆ ಹಾಕಿದರೆ ಹತ್ತು ದಿನದಲ್ಲಿ ಫಲಿತಾಂಶ ಬರುತ್ತದೆ ಎಂದು ಒತ್ತಾಯಿಸಿದ. ತನಗೆ ಬೇಕಿರುವುದು ಇವತ್ತು ಸಂಜೆಗೆ, ಹತ್ತು ದಿನ ಕಳೆದ ಮೇಲೆ ಕಿಂಡಿಯ ಮುಂದೆ ತನ್ನ ಮುಖಕ್ಕೆ ಉಗುಳುವುದಕ್ಕೆ ಬೇರೆ ಜನರೇ ಸಿಗುತ್ತಾರೆ ಎಂದು ಗೂಬಣ್ಣ ಹೇಳಿದ. ಹೆಂಡತಿಯ ತಮ್ಮ ಔಷಧ ಕಂಪನಿಯ ಪ್ರತಿನಿಧಿ. ಅವನು ಬಣ್ಣಬಣ್ಣದ ಕರಪತ್ರ ಬಿಡಿಸಿ, ಎಂಬತ್ತನಾಲ್ಕು ಪರೀಕ್ಷೆಗಳ ಪ್ಯಾಕೇಜು ತೋರಿಸಿದ. ಜೊತೆಗೆ ಒಂದು ಕೈಚೀಲವನ್ನೂ ಕೊಡುತ್ತಾರಂತೆ.

"ಭಾವ, ಒಂದು ಮಾಡಿಸೋ ಬದಲು ಎಲ್ಲಾನೂ ಮಾಡಿಸಿಬಿಡಿ. ಯಾವ್ದಾದ್ರೂ ಒಂದ್ರಲ್ಲಿ ಏನಾದ್ರೂ ಸಿಕ್ಕೇ ಸಿಗತ್ತೆ."

"ಸಿಗತ್ತೆ ಕಣಯ್ಯ. ಅದಕ್ಕೇ ಬೇಡ ಅಂದಿದ್ದು."

ಎದುರು ಮನೆಯಾಕೆ ಬಿಸಿ ಚಹಾ ತಂದು ಮೂಗಿನ ಹತ್ತಿರ ಹಿಡಿದಳು. ಪಾಪ, ನಿಶ್ಶಕ್ತಿ ಇದ್ದವರು ಖಾಲಿ ಹೊಟ್ಟೆಯಲ್ಲಿ ಇರಬಾರದಂತೆ. ಆ ಪಾಪ ಎಂಬ ಮಾತು ಗೂಬಣ್ಣನ ಮೈಯೆಲ್ಲ ಉರಿಸಿತು. ಮೂರು ವಾರದಿಂದ ಕಟ್ಟಡದ ಗಂಡಸರು ಅವನನ್ನು ಕಂಡರೆ ಭುಜ ತಟ್ಟುತ್ತಿದ್ದರು, ಹೆಂಗಸರು ಧ್ವನಿ ತಗ್ಗಿಸುತ್ತಿದ್ದರು, ಗ್ಯಾಸಿನ ಸಿಲಿಂಡರು ಎತ್ತಲು ಹೋದರೆ ಯಾರಾದರೂ ಓಡಿಬಂದು ಕಸಿದುಕೊಳ್ಳುತ್ತಿದ್ದರು. ಅವನು ಚಹಾವನ್ನು ಹಾಗೇ ಮೇಷ್ಟ್ರ ಕೈಗೆ ಕೊಟ್ಟು, ಅಂಗಿ ಹಾಕಿಕೊಂಡು, ಚೀಟಿ ಜೇಬಿಗಿಟ್ಟು ಹೊರಟ. ಹೆಂಡತಿ ಬಾಗಿಲವರೆಗೂ ಬಂದಳು.

"ರೀ, ಜಗಳ ಆಡ್ಬೇಡಿ."

"ಆಡಲ್ಲ ಕಣೇ."

"ಆಡಿದ್ರೂ ಗೆದ್ದು ಬನ್ನಿ" ಎಂದಳು. ಅವನ ಜೊತೆ ಅವಳು ಹದಿನೇಳು ವರ್ಷ ಸಂಸಾರ ಮಾಡಿದ್ದಳು.

ಅವನ ಹಿಂದೆ ಮೇಷ್ಟ್ರು, ಮೇಷ್ಟ್ರ ಕೈಯಲ್ಲಿ ಚಹಾದ ಲೋಟ, ಅವರ ಹಿಂದೆ ಭಾವಮೈದ. ಮೆರವಣಿಗೆ ಲ್ಯಾಬು ತಲುಪಿದಾಗ ಒಂದೂ ಮುಕ್ಕಾಲು. ಗಾಜಿನ ಬಾಗಿಲು, ಸೋಪಿನ ವಾಸನೆ, ಗೋಡೆಗೆ ಅಂಟಿಕೊಂಡ ನೀಲಿ ಕುರ್ಚಿಗಳಲ್ಲಿ ಹತ್ತು ಹನ್ನೆರಡು ಜನ. ಮೇಜಿನ ಹಿಂದಿನ ಹುಡುಗಿ ಚೀಟಿ ಓದಿದಳು, ಕತ್ತೆತ್ತಿ ಅವನನ್ನು ನೋಡಿದಳು, ಮುಂದಕ್ಕೆ ಬಾಗಿ ಪಿಸುಗುಟ್ಟಿದಳು. ಇದು... ಆ ಪರೀಕ್ಷೆ ಅಲ್ಲವೇ.

"ಹೌದಮ್ಮ, ಟೆಸ್ಟೋಸ್ಟೆರಾನ್" ಎಂದ ಗೂಬಣ್ಣ, ಮೂರು ಮೋಟರಿನ ಸದ್ದಿನ ಮೇಲೆ ಮಾತಾಡಿ ರೂಢಿಯಾದ ಗಂಟಲಲ್ಲಿ. "ಸಕ್ಕರೆ ನೋಡಿಸೋರು ಪಿಸುಗುಡ್ತಾರಾ? ಇಲ್ಲ. ನಾನ್ಯಾಕೆ ಪಿಸುಗುಡ್ಲಿ? ನನ್ನ ಮೈಯಲ್ಲಿ ಇರೋದು ತಾನೆ, ಕದ್ದು ತಂದಿದ್ದಲ್ವಲ್ಲ."

ನೀಲಿ ಕುರ್ಚಿಗಳವರೆಲ್ಲ ಒಟ್ಟಿಗೆ ತಿರುಗಿದರು. ಮೂಲೆಯಲ್ಲಿ ಮುಖ ಮುಚ್ಚಿಕೊಂಡು ಕೂತಿದ್ದ ಒಬ್ಬ ಗಂಡಸು ಕರವಸ್ತ್ರ ತೆಗೆದು ನೆಟ್ಟಗೆ ಕೂತ. ಹುಡುಗಿ ಕೆಂಪಾಗಿ, ಈ ಪರೀಕ್ಷೆಗೆ ಬೆಳಿಗ್ಗೆ ಏಳರಿಂದ ಹತ್ತರವರೆಗೆ ಮಾತ್ರ ರಕ್ತ ತೆಗೆಯುವುದು, ಹತ್ತು ದಾಟಿದರೆ ಕಂಪ್ಯೂಟರ್ ಒಪ್ಪುವುದೇ ಇಲ್ಲ, ನಾಳೆ ಬನ್ನಿ ಎಂದಳು. ನಾಳೆ ಬೆಳಿಗ್ಗೆ ಎಂದರೆ ತಾನು ಪಾಳಿ ಮುಗಿಸಿ ಸತ್ತು ಬಿದ್ದಿರುವ ಹೊತ್ತು ಎಂದು ಗೂಬಣ್ಣ ತಿಳಿಸಿದ. ಅವಳು ತಿಳಿದುಕೊಳ್ಳಲಿಲ್ಲ. ಒಳಗಿನಿಂದ ಲ್ಯಾಬಿನ ಮೇಲ್ವಿಚಾರಕರು ಬಂದರು. ತೆಳ್ಳಗಿನ ಮನುಷ್ಯ, ಮೂಗಿನ ತುದಿಯಲ್ಲಿ ಕನ್ನಡಕ, ಜೇಬಿನಲ್ಲಿ ನಾಲ್ಕು ಬಣ್ಣದ ಪೆನ್ನು.

"ನಿಯಮ ಇದೆ ನೋಡಿ. ಬೆಳಿಗ್ಗೆ ಅಂದ್ರೆ ಬೆಳಿಗ್ಗೆ."

"ಯಾರ ಬೆಳಿಗ್ಗೆ ಸಾರ್?" ಎಂದ ಗೂಬಣ್ಣ.

ಮೇಲ್ವಿಚಾರಕರು ಕನ್ನಡಕವನ್ನು ಮೂಗಿನ ಮೇಲಕ್ಕೆ ಏರಿಸಿಕೊಂಡರು. ಇಪ್ಪತ್ತು ವರ್ಷದ ನೌಕರಿಯಲ್ಲಿ ಆ ಪ್ರಶ್ನೆಯನ್ನು ಅವರಿಗೆ ಯಾರೂ ಕೇಳಿರಲಿಲ್ಲ. ಗೂಬಣ್ಣ ಬಿಡಲಿಲ್ಲ. ನಿಮ್ಮ ನಿಯಮ ಬರೆದವನು ರಾತ್ರಿ ಮಲಗಿದ್ದ, ಅವನು ಮಲಗಿದ್ದಾಗ ಅವನ ಮನೆಗೆ ನೀರು ಬಿಟ್ಟವನು ನಾನು, ಸೂರ್ಯ ಹುಟ್ಟುವುದಕ್ಕೂ ನನ್ನ ರಕ್ತಕ್ಕೂ ಏನು ನೆಂಟಸ್ತಿಕೆ, ನಾನು ಎದ್ದಾಗಲೇ ನನಗೆ ಬೆಳಿಗ್ಗೆ ಎಂದು ಒಂದೇ ಉಸಿರಿನಲ್ಲಿ ಹೇಳಿದ. ಮೂಲೆಯ ಗಂಡಸು ಹೌದುಹೌದು ಎಂದು ತಲೆಯಾಡಿಸಿದ.

ಮೇಲ್ವಿಚಾರಕರು ಕೆಟ್ಟವರಲ್ಲ. ವಿಜ್ಞಾನದ ಪ್ರಕಾರ ನೀವು ಹೇಳುವುದು ಸರಿಯೇ, ಆದರೆ ದಾಖಲೆ ಬೇಕಲ್ಲ ಎಂದರು. ನೀವು ಇವತ್ತು ಒಂದು ಗಂಟೆಗೆ ಎದ್ದಿರಿ ಎನ್ನುವುದಕ್ಕೆ ಸಾಕ್ಷಿ ಯಾರು?

ಆಗ ಮೇಷ್ಟ್ರು ಲೋಟವನ್ನು ಭಾವಮೈದನ ಕೈಗೆ ದಾಟಿಸಿ ಮುಂದೆ ಬಂದರು. "ನಾನು. ಒಂದು ಗಂಟೆ ಎರಡು ನಿಮಿಷಕ್ಕೆ ಬಾಗಿಲು ಬಡಿದೆ. ಮೂರನೇ ನಿಮಿಷಕ್ಕೆ ಎದ್ದ. ಮುಖದ ಮೇಲೆ ದಿಂಬಿನ ಗೆರೆ ಇತ್ತು." ಮೂಗು ತೂರಿಸುವವರಿಂದಲೂ ಲೋಕಕ್ಕೆ ಒಂದೊಂದು ಸಲ ಉಪಕಾರವಾಗುತ್ತದೆ, ಇಲ್ಲವೆನ್ನಬಾರದು.

ಅದು ಸರಿಹೋಯಿತು. ರಾತ್ರಿ ಪಾಳಿಯ ನೌಕರನೆಂದು ಕಚೇರಿಯ ಮೊಹರಿರುವ ಪತ್ರವೊಂದು ಬೇಕು, ಅದು ಬಂದರೆ ಕಂಪ್ಯೂಟರನ್ನು ಬದಿಗಿಟ್ಟು ಕೈಯಲ್ಲೇ ಬರೆದು ರಕ್ತ ತೆಗೆಯುತ್ತೇನೆ ಎಂದರು ಮೇಲ್ವಿಚಾರಕರು. ಗಡಿಯಾರ ಎರಡೂ ಕಾಲು ತೋರಿಸುತ್ತಿತ್ತು. ನಾಲ್ಕರೊಳಗೆ ಸೂಜಿ ಚುಚ್ಚದಿದ್ದರೆ ಗೂಬಣ್ಣನ ಬೆಳಗು ಮುಗಿದುಹೋಗುತ್ತಿತ್ತು.

ಕಚೇರಿ ಎರಡು ಬೀದಿ ಆಚೆ. ಓಡುವಾಗ ಬೇಕರಿಯ ಮುಂದೆ ಹಾದುಹೋಗಬೇಕಾಯಿತು. ಹೊಟ್ಟೆ ಚುರುಗುಟ್ಟಿತು, ಗೂಬಣ್ಣ ಕತ್ತನ್ನು ಆಚೆ ತಿರುಗಿಸಿಕೊಂಡು ದಾಟಿದ. ಭಾವಮೈದ ಮಾತ್ರ ಅಲ್ಲಿ ಐದು ನಿಮಿಷ ಹಿಂದುಳಿದು, ಬಾಯಿ ಒರೆಸಿಕೊಳ್ಳುತ್ತಾ ಬಂದು ಸೇರಿಕೊಂಡ.

ಕಚೇರಿಯ ಅಂಗಳ ತುಂಬ ಜನ. ಕಿಂಡಿಯ ಹಿಂದಿನ ಕುರ್ಚಿ ಖಾಲಿ, ಜಾಲರಿಯನ್ನು ಯಾರೋ ಬಕೆಟಿನಿಂದ ಬಡಿಯುತ್ತಿದ್ದರು. ಆ ಗಲಾಟೆ ಕೇಳಿಸದಂತೆ ವಿಭಾಗದ ಸಾಹೇಬರು ಒಳಕೋಣೆಯ ಬಾಗಿಲು ಹಾಕಿಕೊಂಡು ಕೂತಿದ್ದರು. ಗೂಬಣ್ಣ ಪತ್ರ ಕೇಳಿದ. ಸಾಹೇಬರು ನಿಟ್ಟುಸಿರಿಟ್ಟರು. ಅವರಿಗೆ ಅವನ ಮೇಲೆ ನಿಜಕ್ಕೂ ಅನುಕಂಪವಿತ್ತು, ಬೇಡವೆಂದರೂ ಕೇಳದಂಥ ಅನುಕಂಪ.

"ಯಾಕ್ರೀ ಒದ್ದಾಡ್ತೀರಿ? ಪಂಪ್‌ಹೌಸ್ ಭಾರದ ಕೆಲಸ. ಕೌಂಟರ್‌ನಲ್ಲಿ ಕೂತ್ಕೊಂಡ್ರೆ ಹಾಯಾಗಿರ್ತೀರಿ. ಫ್ಯಾನ್ ಇದೆ."

ಹಾಯಾಗಿ ಎಂಬ ಮಾತಿಗೆ ಗೂಬಣ್ಣನ ತಾಳ್ಮೆ ತಪ್ಪಿತು. ಪಂಪ್‌ಹೌಸಿನಲ್ಲಿ ಏನು ಮಹಾ ಭಾರವಿದೆ ಸಾರ್, ಮೋಟರು ತಾನಾಗಿ ತಿರುಗುತ್ತದೆ, ಗಂಟೆಗೊಮ್ಮೆ ಗೇಜು ನೋಡಿ ಪುಸ್ತಕದಲ್ಲಿ ಬರೆಯುತ್ತೇನೆ, ವಾಲ್ವಿನ ಚಕ್ರಕ್ಕೆ ಗ್ರೀಸು ಹಚ್ಚಿ ಒಂದು ಬೆರಳಲ್ಲಿ ತಿರುಗುವ ಹಾಗೆ ಇಟ್ಟಿದ್ದೇನೆ, ಎಂಬತ್ತರ ಮುದುಕನೂ ಮಾಡುವ ಕೆಲಸ ಅದು ಎಂದ. ನಿಜ ಹೇಳಬೇಕೆಂದರೆ ಆ ಚಕ್ರ ತಿರುಗಿಸಿ ತಿರುಗಿಸಿಯೇ ಅವನ ಬಲಭುಜ ಎಡಕ್ಕಿಂತ ಎರಡು ಬೆರಳು ದಪ್ಪವಾಗಿತ್ತು. ಆದರೆ ವಾದದ ಬಿಸಿಯಲ್ಲಿ ಭುಜದ ನೆನಪು ಯಾರಿಗಿರುತ್ತದೆ?

"ಹಗುರ ಕೆಲಸ ಅಂತೀರಲ್ಲ, ಬನ್ನಿ ತೋರಿಸ್ತೀನಿ" ಎಂದು ಸಾಹೇಬರನ್ನು ಎಬ್ಬಿಸಿಕೊಂಡೇ ಹೊರಗೆ ಬಂದು, ಕಿಂಡಿಯ ಹಿಂದಿನ ಕುರ್ಚಿಯಲ್ಲಿ ಧೊಪ್ಪನೆ ಕೂತ.

ಅಷ್ಟು ಹೊತ್ತು ಬಕೆಟಿನಿಂದ ಬಡಿಯುತ್ತಿದ್ದಾಕೆ, ತನ್ನ ಬೀದಿಗೆ ನೀರು ಬಂದು ನಾಲ್ಕು ದಿನವಾಯಿತೆಂದು ಕೂಗಿದಳು. ಬೀದಿ ಯಾವುದೆಂದು ಗೂಬಣ್ಣ ಕೇಳಿದ. ಕೇಳಿದ್ದೇ, ಅಲ್ಲಿನ ವಾಲ್ವು ಬಲಕ್ಕೆ ತಿರುಗಿಸಿದರೆ ತೆರೆಯುವಂಥದ್ದು, ಹಗಲಿನವನಿಗೆ ಅದು ಗೊತ್ತಿಲ್ಲದೆ ಬಿಗಿದಿದ್ದಾನೆ, ಸಂಜೆ ಆರಕ್ಕೆ ನೀರು ಬರುತ್ತದೆ, ಬಕೆಟು ಒಡೆದು ಹಾಕಿದರೆ ಹಿಡಿಯುವುದು ಯಾವುದರಲ್ಲಿ ಎಂದ. ಆಕೆ ಬಕೆಟು ಇಳಿಸಿದಳು. ತೆಳುಮೀಸೆಯವನೊಬ್ಬ ತನಗೆ ದೊಡ್ಡವರೆಲ್ಲ ಗೊತ್ತು ಎಂದು ಎಗರಾಡಿದ. ದೊಡ್ಡವರ ಮನೆಯ ನಲ್ಲಿ ನನಗೆ ಗೊತ್ತು, ಕೂತ್ಕೊಳ್ಳಪ್ಪ ಎಂದ ಗೂಬಣ್ಣ. ಒಬ್ಬನಿಗೆ ಎಷ್ಟು ಗದರಬೇಕೋ ಅಷ್ಟು ಗದರಿದ, ಒಬ್ಬ ಮುದುಕಿಗೆ ಎದ್ದು ನಿಂತು ಕುರ್ಚಿ ಕೊಟ್ಟ, ಇಬ್ಬರ ನೀರಿನ ಜಗಳವನ್ನು ಒಂದೇ ಪೈಪಿನ ಚಿತ್ರ ಬರೆದು ಬಿಡಿಸಿದ. ಮೂವತ್ತೈದು ನಿಮಿಷದಲ್ಲಿ ಅಂಗಳ ಖಾಲಿಯಾಯಿತು. ಆ ಕಚೇರಿಯ ಅಂಗಳಕ್ಕೆ ನೆಲವಿದೆ ಎಂಬುದು ಸಾಹೇಬರಿಗೆ ಆವತ್ತೇ ಗೊತ್ತಾದದ್ದು.

ಗೂಬಣ್ಣ ಬೆವರು ಒರೆಸಿಕೊಂಡು ಎದ್ದ. "ನೋಡಿದ್ರಾ ಸಾರ್? ಇಡೀ ಆಫೀಸಿನಲ್ಲೇ ಭಾರದ ಕೆಲಸ ಇದು. ಕಾಯಿಲೆಯವ್ರನ್ನ, ನಿಶ್ಶಕ್ತಿಯವ್ರನ್ನ ತಂದು ಇಲ್ಲಿ ಕೂರಿಸ್ತೀರಲ್ಲ, ಪಾಪ ಸುತ್ಕೊಳ್ಳತ್ತೆ. ಗಟ್ಟಿ ಆಳು ಬೇಕು ಇಲ್ಲಿಗೆ, ಗಟ್ಟಿ ಆಳು."

ಸಾಹೇಬರು ಖಾಲಿ ಅಂಗಳದಲ್ಲಿ ಒಂದು ಸುತ್ತು ಹಾಕಿ ಬಂದರು. "ನೀವು ಹೇಳೋದು ನೂರಕ್ಕೆ ನೂರು ಸರಿ ಕಣ್ರೀ" ಎಂದರು. ಪತ್ರಕ್ಕೆ ಸಹಿ ಹಾಕಿ, ಮೊಹರು ಒತ್ತಿಕೊಟ್ಟರು. ಆಮೇಲೆ ಟೈಪಿಸ್ಟನ್ನು ಒಳಗೆ ಕರೆದದ್ದನ್ನು ಗೂಬಣ್ಣ ಗಮನಿಸಲಿಲ್ಲ. ಅವನು ಆಗಲೇ ಬೀದಿಯಲ್ಲಿದ್ದ.

ಲ್ಯಾಬಿಗೆ ಬಂದಾಗ ಮೂರೂ ನಲವತ್ತು. ಮೇಲ್ವಿಚಾರಕರು ಪತ್ರ ನೋಡಿ ತೃಪ್ತಿಪಟ್ಟರು, ಕೊನೆಯದಾಗಿ ಒಂದು ಪ್ರಶ್ನೆ ಕೇಳಿದರು. ಕೂದಲಿಗೆ, ಉಗುರಿಗೆ, ಶಕ್ತಿಗೆ ಎಂದು ಏನಾದರೂ ವಿಟಮಿನ್ ಮಾತ್ರೆ ನುಂಗುತ್ತೀರಾ, ಅದರಲ್ಲಿ ಕೆಲವು ನಮ್ಮ ಯಂತ್ರದ ಲೆಕ್ಕವನ್ನೇ ತಪ್ಪಿಸುತ್ತವೆ. ಭಾವಮೈದ ಹೆಮ್ಮೆಯಿಂದ ಎದೆ ಮುಂದೆ ಮಾಡಿ, ತನ್ನ ಕಂಪನಿಯದೇ ಮಾತ್ರೆ, ಹದಿನೈದು ದಿನದಿಂದ ದಿನಕ್ಕೆರಡು ಕೊಡುತ್ತಿದ್ದೇನೆ ಎಂದ. ಮೇಲ್ವಿಚಾರಕರ ಕೈಯಲ್ಲಿದ್ದ ಸೂಜಿ ಗಾಳಿಯಲ್ಲೇ ನಿಂತಿತು. ಮೇಷ್ಟ್ರು ತಲೆ ಮೇಲೆ ಕೈಯಿಟ್ಟುಕೊಂಡರು.

"ನೀನು ಕೊಟ್ಟಿದ್ದು ನಿಜ" ಎಂದ ಗೂಬಣ್ಣ. "ನಾನು ನುಂಗಿದೆ ಅಂತ ಯಾರು ಹೇಳಿದ್ರು? ಎಲ್ಲಾ ಹೂವಿನ ಕುಂಡಕ್ಕೆ ಹಾಕ್ದೆ."

ಅಕ್ಕನ ಮನೆಯ ಗುಲಾಬಿ ಈಚೆಗೆ ಮಹಡಿ ದಾಟಿ ಬೆಳೆದದ್ದು ಯಾಕೆಂದು ಭಾವಮೈದನಿಗೆ ಆಗ ಅರ್ಥವಾಯಿತು.

ಮೂರು ನಲವತ್ತೆಂಟಕ್ಕೆ ಸೂಜಿ ಇಳಿಯಿತು. ಗೂಬಣ್ಣ ಕಣ್ಣು ಮುಚ್ಚಲಿಲ್ಲ, ಆಚೆ ತಿರುಗಲಿಲ್ಲ, ಕೊಳವೆ ತುಂಬುವುದನ್ನು ಗೇಜು ನೋಡುವ ಹಾಗೇ ನೋಡಿದ. ಮೇಲ್ವಿಚಾರಕರು ದಾಖಲೆ ಪುಸ್ತಕದಲ್ಲಿ ಸಮಯ ಮಧ್ಯಾಹ್ನ ಮೂರು ನಲವತ್ತೆಂಟು ಎಂದು ಬರೆದು, ಪಕ್ಕದಲ್ಲಿ 'ಬೆಳಗಿನ ರಕ್ತ' ಎಂದು ಷರಾ ಹಾಕಿ, ಕೆಳಗೆ ಹಸಿರು ಪೆನ್ನಿನಲ್ಲಿ ಗೆರೆ ಎಳೆದರು. ಮೂಲೆಯ ಗಂಡಸು ಚಪ್ಪಾಳೆ ತಟ್ಟಿದ. ಅವನೂ ರಾತ್ರಿ ಕಾವಲುಗಾರನಂತೆ, ಮೂರು ಸಲ ಹಗಲು ಹತ್ತಕ್ಕೆ ರಕ್ತ ಕೊಟ್ಟು ಮೂರು ಸಲವೂ ತಲೆ ತಗ್ಗಿಸಿಕೊಂಡು ಹೋದವನಂತೆ. ಗೂಬಣ್ಣ ಹೊರಗೆ ಬಂದು ನಿಂತನಿಲುವಿನಲ್ಲೇ ನಾಲ್ಕು ಬನ್ನು ತಿಂದ.

ಐದು ಗಂಟೆಗೆ ಕಾಗದ ಬಂತು. ಐನೂರ ಹನ್ನೆರಡು.

ಮೇಷ್ಟ್ರು ಅದನ್ನು ಮೂರು ಸಲ ಓದಿ, ಹಳೆಯ ಸಂಖ್ಯೆಯನ್ನು ಹೊಸದರಿಂದ ಕಳೆದು, ಶೇಕಡಾ ಎಷ್ಟು ಹೆಚ್ಚಳವೆಂದು ಅಂಗೈ ಮೇಲೆ ಲೆಕ್ಕ ಮಾಡತೊಡಗಿದರು. ಗೂಬಣ್ಣನಿಗೆ ಲೆಕ್ಕ ಬೇಕಿರಲಿಲ್ಲ. ಮೂರು ವಾರದ ಪಾಪ ಎಂಬ ಮಾತು, ಭುಜ ತಟ್ಟಿದ ಕೈಗಳು, ಕಸಿದುಕೊಂಡ ಸಿಲಿಂಡರು ಎಲ್ಲ ಎದೆಯಿಂದ ಇಳಿದುಹೋದವು. ಸಂತೋಷಕ್ಕೆ ಅವನ ಕಣ್ಣು ತೇವವಾಯಿತು, ಅದನ್ನೂ ಅವನು ಒರೆಸಿಕೊಳ್ಳಲಿಲ್ಲ. ಕಾಗದವನ್ನು ಬಾವುಟದಂತೆ ಹಿಡಿದುಕೊಂಡು ಕಚೇರಿಯ ಮೆಟ್ಟಿಲು ಹತ್ತಿದ.

ಸಾಹೇಬರು ವರದಿ ಓದಿದರು. ಓದಿ, ಕುರ್ಚಿಯಿಂದ ಎದ್ದು ನಿಂತು ಅವನ ಕೈ ಕುಲುಕಿದರು. ನೂರಕ್ಕೆ ನೂರು ಸಮರ್ಥರು ನೀವು, ನನಗೆ ಮೊದಲೇ ಅನಿಸಿತ್ತು ಎಂದರು. ಆಮೇಲೆ ಮೇಜಿನ ಮೇಲಿದ್ದ ಟೈಪು ಮಾಡಿದ ಹಾಳೆಯೊಂದನ್ನು ಅವನ ಕೈಗಿಟ್ಟರು. ಶಾಯಿ ಇನ್ನೂ ಹಸಿಯಾಗಿತ್ತು.

ಅದರಲ್ಲಿದ್ದದ್ದು ಇಷ್ಟು. ದೂರು ಕೌಂಟರ್ ಹಗುರ ಕೆಲಸವೆಂಬ ಹಿಂದಿನ ಆದೇಶವನ್ನು ರದ್ದುಪಡಿಸಲಾಗಿದೆ. ಇನ್ನು ಮುಂದೆ ಅದನ್ನು ಕಚೇರಿಯ ಅತಿ ಭಾರದ ಕೆಲಸವೆಂದು ಪರಿಗಣಿಸಿ, ವೈದ್ಯಕೀಯವಾಗಿ ಸಂಪೂರ್ಣ ಸಮರ್ಥರೆಂದು ರುಜುವಾತಾದವರನ್ನು ಮಾತ್ರ ನೇಮಿಸತಕ್ಕದ್ದು. ನಾಳೆ ಬೆಳಿಗ್ಗೆ ಒಂಬತ್ತರಿಂದ ರಾತ್ರಿ ಪಾಳಿಯ ಪಂಪ್ ನಿರ್ವಾಹಕರು ಆ ಸ್ಥಾನ ವಹಿಸಿಕೊಳ್ಳತಕ್ಕದ್ದು.

ಗೂಬಣ್ಣನಿಗೆ ಮೋಟರು ಒಮ್ಮೆಲೇ ನಿಂತಂತಾಯಿತು. "ಸಾರ್, ಪಂಪ್‌ಹೌಸು?"

"ಅದಕ್ಕೆ ಕಿಂಡಿಯವನನ್ನ ಹಾಕಿದೀನಿ. ಹಗುರ ಕೆಲಸ ಅಂತ ನೀವೇ ಹೇಳಿದ್ರಲ್ಲ, ಎಂಬತ್ತರ ಮುದುಕನೂ ಮಾಡ್ತಾನೆ ಅಂತ. ಪಾಪ, ಅವನ ರಿಪೋರ್ಟ್ ಇವತ್ತೇ ಬಂತು, ಇನ್ನೂರ ಮೂರು. ಎರಡನೇ ಸಲವೂ ಕಡಿಮೆ."

"ಅವನು ರಕ್ತ ಕೊಟ್ಟಿದ್ದು ಯಾವಾಗ ಸಾರ್?"

"ಮೊನ್ನೆ ಮಧ್ಯಾಹ್ನ. ಅದ್ಯಾವ್ದೋ ಬೇರೆ ಲ್ಯಾಬಂತೆ, ಯಾವ ಹೊತ್ತಾದ್ರೂ ತಗೊಳ್ತಾರಂತೆ. ಊಟ ಮಾಡ್ಕೊಂಡು ಹಾಗೇ ಹೋಗಿ ಕೊಟ್ಟನಂತೆ."

ತಪ್ಪು ಹೊತ್ತಿನಲ್ಲಿ, ತುಂಬಿದ ಹೊಟ್ಟೆಯಲ್ಲಿ, ಬಾಯಿ ಒರೆಸಿಕೊಳ್ಳುತ್ತಾ ರಕ್ತ ಕೊಟ್ಟವನಿಗೆ ದಿಂಬಿನ ಕುರ್ಚಿ. ಎದ್ದ ಮೂರು ಗಂಟೆಯೊಳಗೆ, ಮೊಹರು ಒತ್ತಿಸಿಕೊಂಡು, ಸಾಕ್ಷಿ ಸಮೇತ ಕೊಟ್ಟವನಿಗೆ ಕಿಂಡಿ. ಗೂಬಣ್ಣ ಐದೂವರೆಯವರೆಗೂ ವಾದಿಸಿದ. ಅವನು ವಾದಿಸಿದಷ್ಟೂ ಸಾಹೇಬರ ಮುಖ ಅರಳುತ್ತಾ ಹೋಯಿತು, ಕೊನೆಗೆ ಅವರು ಟೈಪಿಸ್ಟನ್ನೂ ಕರೆದು ಕೇಳಿಸಿದರು. ನೋಡಿದೆಯಾ, ಹೀಗೆ ಮಾತಾಡುವವರು ಬೇಕಿತ್ತು ನಮಗೆ.

ಮರುದಿನ ಬೆಳಿಗ್ಗೆ, ಎಂದರೆ ಊರಿನವರ ಬೆಳಿಗ್ಗೆ ಒಂಬತ್ತಕ್ಕೆ, ಗೂಬಣ್ಣ ಕಿಂಡಿಯ ಹಿಂದೆ ಕೂತಿದ್ದ. ರಾತ್ರಿ ಅವನಿಗೆ ಕಣ್ಣು ಮುಚ್ಚಲು ಆಗಿರಲಿಲ್ಲ. ಮೈ ಮಲಗಲು ಹವಣಿಸುತ್ತಿದ್ದದ್ದು ಈಗ. ಸಾಲಿನಲ್ಲಿ ಮೊದಲು ನಿಂತಿದ್ದವರು ಮೇಷ್ಟ್ರು, ಕಂಕುಳಲ್ಲಿ ಖಾಲಿ ಕೊಡ.

"ಏನಪ್ಪಾ, ರಾತ್ರಿಯೆಲ್ಲಾ ಒಂದು ಹನಿ ನೀರಿಲ್ಲ. ಹೊಸಬ ದಿಂಬಿಗೆ ಒರಗಿ ಮಲಗಿಬಿಟ್ಟನಂತೆ."

ಗೂಬಣ್ಣ ಉತ್ತರಿಸಲು ಬಾಯಿ ತೆರೆದ. ಹೊರಬಂದದ್ದು ಆಕಳಿಕೆ. ಮೊದಲನೆಯದಕ್ಕಿಂತ ದೊಡ್ಡದು, ದವಡೆ ಲಟಕ್ಕೆಂದಿತು. ಅದು ಮುಗಿಯುವ ಹೊತ್ತಿಗೆ ಅವನ ಕಣ್ಣಿನಲ್ಲಿ ಹೊ‍ಸ ಬೆಳಕು ಬಂದಿತ್ತು. ಅವನು ಬಾಯಿಗೆ ಅಡ್ಡ ಕೈ ಹಿಡಿಯದೆ, ಬೇಕೆಂದೇ ಇನ್ನೊಂದು ಆಕಳಿಸಿದ. ಪಕ್ಕದಲ್ಲಿ ಹಾದುಹೋಗುತ್ತಿದ್ದ ಸಾಹೇಬರನ್ನು ಕೂಗಿ ನಿಲ್ಲಿಸಿದ.

"ಸಾರ್, ಆಕಳಿಕೆ ಬರ್ತಿದೆ. ಆಯಾಸ, ನಿರುತ್ಸಾಹ. ಬರ್ಕೊಳ್ಳಿ."

ಸಾಹೇಬರು ನಕ್ಕು ಕಿಂಡಿಯ ಬಳಿ ಬಂದರು. ಅವನ ಐನೂರ ಹನ್ನೆರಡರ ಕಾಗದಕ್ಕೆ ಅವರು ಆಗಲೇ ಚೌಕಟ್ಟು ಹಾಕಿಸಿ, ಕುರ್ಚಿಯ ಹಿಂದಿನ ಗೋಡೆಗೆ ಮೊಳೆ ಹೊಡೆಸಿದ್ದರು.

"ಎಲ್ಲಿ ಬರ್ಕೊಳ್ಲಿ? ಸರಿಯಾದ ಹೊತ್ತಿನಲ್ಲಿ, ಸರಿಯಾದ ಟೆಸ್ಟ್ ಮಾಡಿಸಿದೀರಲ್ರೀ. ಅದರ ಮುಂದೆ ಆಕಳಿಕೆಗೆ ಏನು ಬೆಲೆ?"

ಅವರು ಒಳಗೆ ಹೋಗಿ ಬಾಗಿಲು ಹಾಕಿಕೊಂಡರು. ಗೂಬಣ್ಣ ಮೂರನೆಯ ಆಕಳಿಕೆಯನ್ನು ಮುಚ್ಚಿದ ಬಾಗಿಲಿಗೇ ತೋರಿಸಿ ಮುಗಿಸಿದ, ಆಮೇಲೆ ಜಾಲರಿಯ ಕಡೆ ತಿರುಗಿ ಮೇಷ್ಟ್ರ ದೂರು ಬರೆದುಕೊಳ್ಳತೊಡಗಿದ.